ಮನೆಯಲ್ಲೇ ಸ್ಟೋರೇಜ್ ಸರ್ವರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯ ನಾಲ್ವರ ಫೋಟೊ, ವಿಡಿಯೊ, ಕಾಗದಪತ್ರಗಳ ಸ್ಕ್ಯಾನ್ ಎಲ್ಲ ಸೇರಿ 900 ಜಿಬಿ ಆಗಿದೆ. ಗೂಗಲ್‌ನವರು ಕೊಡುವ 15 ಜಿಬಿ ತುಂಬಿದೆ. ಬಳಸದ ಡೆಸ್ಕ್‌ಟಾಪ್ ಒಂದಿದೆ. ಅದನ್ನೇ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸಿದ ಸ್ಟೋರೇಜ್ ಸರ್ವರ್) ಮಾಡಿಕೊಳ್ಳಬಹುದೇ, ಎರಡು ಡಿಸ್ಕಿನ ರೆಡಿಮೇಡ್ ಪೆಟ್ಟಿಗೆ ಕೊಳ್ಳಬೇಕೇ? (ಶಿವಮೊಗ್ಗ)

ಉತ್ತರ: ಡೆಸ್ಕ್‌ಟಾಪಿನಲ್ಲೇ ಶುರುಮಾಡಿ. ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಡಿಸ್ಕಿಗೆ, ಪೆಟ್ಟಿಗೆಗಲ್ಲ. ಆದರೆ ಕರೆಂಟಿನ ಲೆಕ್ಕ ಹಾಕಿಕೊಳ್ಳಿ. ಹಗಲಿರುಳು 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ತಿಂಗಳಿಗೆ 36 ಯೂನಿಟ್ ಬಳಸುತ್ತದೆ. 18 ವ್ಯಾಟಿನ ಪೆಟ್ಟಿಗೆಗೆ ಸುಮಾರು 13 ಯೂನಿಟ್ ಸಾಕು. ಗೃಹಜ್ಯೋತಿಯಲ್ಲಿ ಇರುವವರು ತಮ್ಮ ಅರ್ಹ ಯೂನಿಟ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಂಡೇ ಮುಂದುವರಿಯಿರಿ.

4 ಟಿಬಿಯ ಎರಡು ಡಿಸ್ಕ್ ತೆಗೆದುಕೊಳ್ಳಿ. ಕಂಪ್ಯೂಟರ್ ಅದನ್ನು 3.63 ಎಂದು ತೋರಿಸಿದರೆ ಗಾಬರಿ ಬೇಡ, ಎಣಿಸುವ ಕ್ರಮ ಬೇರೆ ಅಷ್ಟೆ. ಅಂಗಡಿಯಲ್ಲಿ ಕೇಳಲೇಬೇಕಾದ ಮಾತು ಒಂದಿದೆ: ಇದು ಸಿಎಂಆರ್ ಡಿಸ್ಕೋ, ಎಸ್‌ಎಂಆರ್ ಡಿಸ್ಕೋ? ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು (ಮಾಹಿತಿ ಬರೆಯುವ ಸಾಲುಗಳು) ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಅವನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆದಿರುತ್ತಾರೆ. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಪಕ್ಕದ ಸಾಲುಗಳನ್ನೂ ತಿರುಗಿ ಬರೆಯಬೇಕು. ದಿನನಿತ್ಯದ ಕೆಲಸದಲ್ಲಿ ಇದು ಗೊತ್ತಾಗುವುದಿಲ್ಲ. ಒಂದು ಡಿಸ್ಕ್ ಕೆಟ್ಟು, ಹೊಸದಕ್ಕೆ ಎಲ್ಲವನ್ನೂ ತುಂಬುವ ಹೊತ್ತಿನಲ್ಲಿ ವೇಗ ಕುಸಿಯುತ್ತದೆ. ಕೆಲವೊಮ್ಮೆ ವ್ಯವಸ್ಥೆ ಆ ಡಿಸ್ಕನ್ನೇ ಕೆಟ್ಟದ್ದೆಂದು ಹೊರಗಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು ಬಯಲಾಗಿ ದೊಡ್ಡ ಗದ್ದಲವೇ ಆಯಿತು. ಈಗ ಅವರ ರೆಡ್ ಪ್ಲಸ್, ಸೀಗೇಟ್‌ನ ಐರನ್‌ವುಲ್ಫ್ ಎರಡೂ ಸಿಎಂಆರ್. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಹೆಚ್ಚು. ಮಾದರಿ ಸಂಖ್ಯೆ ಹಿಡಿದು ಕಂಪನಿಯ ವಿವರಪಟ್ಟಿ ನೋಡಿ.

ತಂತ್ರಾಂಶಕ್ಕೆ ಡೆಬಿಯನ್ ಲಿನಕ್ಸ್ ಆಧಾರಿತ ಓಪನ್‌ಮೀಡಿಯಾವಾಲ್ಟ್ ಸಾಕು, 4 ಜಿಬಿ ರ‍್ಯಾಮ್‌ನಲ್ಲಿ ಆರಾಮವಾಗಿ ಓಡುತ್ತದೆ. ಅದೇ ಬಗೆಯ ಟ್ರೂನ್ಯಾಸ್ ಬೇಕೆಂದರೆ ಕನಿಷ್ಠ 8 ಜಿಬಿ ಇರಬೇಕು. ಸಿಸ್ಟಮ್‌ಗೆಂದೇ 120 ಜಿಬಿಯ ಒಂದು ಎಸ್‌ಎಸ್‌ಡಿ ಇಡಿ. ಇನ್‌ಸ್ಟಾಲ್ ಮಾಡುವಾಗ ದೊಡ್ಡ ಡಿಸ್ಕ್‌ಗಳ ಕೇಬಲ್ ಕಳಚಿಡಿ. ಇನ್‌ಸ್ಟಾಲರ್ ತಾನು ಆರಿಸಿಕೊಂಡ ಡಿಸ್ಕನ್ನು ಪೂರ್ತಿ ಅಳಿಸುತ್ತದೆ, ತಪ್ಪು ಡಿಸ್ಕ್ ಒತ್ತಿದರೆ ಹೋದದ್ದು ಹೋಯಿತು. ಮುಗಿದ ಮೇಲೆ ಬ್ರೌಸರಿನಲ್ಲಿ ಒಳಹೊಕ್ಕು ಅಡ್ಮಿನ್ ಪಾಸ್‌ವರ್ಡ್ ಕೂಡಲೇ ಬದಲಿಸಿ. ರೌಟರಿನಲ್ಲಿ ಸರ್ವರಿಗೆ ಒಂದು ಐಪಿ ವಿಳಾಸ ಕಾಯ್ದಿರಿಸಿ. ಆಮೇಲೆ ಡಿಸ್ಕ್ ಜೋಡಿಸಿ, ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಹೆಸರು ಕೊಟ್ಟು ಶೇರ್ (ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರ್) ತೆರೆಯಿರಿ. ಹಳೆಯ ಮದರ್‌ಬೋರ್ಡಿನ ಗುಂಡಿ ಸೆಲ್ (ಸಿಆರ್2032) ಬದಲಿಸಿ, ಕರೆಂಟ್ ಬಂದಾಗ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಹೊಂದಿಸಿ. ಸೆಲ್ ಸತ್ತಿದ್ದರೆ ಈ ಹೊಂದಿಕೆ ಉಳಿಯುವುದಿಲ್ಲ.

ಫೋನುಗಳಿಂದ ಫೋಟೊ ತಾನಾಗಿ ಬರಬೇಕಾದರೆ ಇಮಿಚ್ ಎಂಬ ಫೋಟೊ ತಂತ್ರಾಂಶ ಒಳ್ಳೆಯದು. ಅದರ ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿರಲಿ. ಬ್ಯಾಕಪ್ ತೆಗೆಯುವಾಗ ಫೋಟೊಗಳ ಜೊತೆ ಆ ಡೇಟಾಬೇಸನ್ನೂ ಸೇರಿಸಿ. ಬರೀ ಫೋಟೊ ಉಳಿದರೆ ಆಲ್ಬಮ್, ಮುಖಗಳಿಗೆ ಕೊಟ್ಟ ಹೆಸರು ಎಲ್ಲ ಹೋಗುತ್ತವೆ.

ಪ್ರಶ್ನೆ: ಸರ್ವರಿಗೆ ಕಾಪಿ ಮಾಡುವಾಗ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ. ಡಿಸ್ಕ್ ಹೊಸದು. (ಉಡುಪಿ)

ಉತ್ತರ: ಆ 11 ಎಂಬ ಅಂಕಿಯೇ ಕಾರಣ ಹೇಳುತ್ತಿದೆ. ನಿಮ್ಮ ಸಂಪರ್ಕ ಗಿಗಾಬಿಟ್ ಆಗದೆ 100 ಎಂಬಿಪಿಎಸ್‌ಗೆ ಇಳಿದಿದೆ. ಸರಿಯಿದ್ದರೆ 110ರ ಆಸುಪಾಸು ಬರಬೇಕು. ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಉಳಿದೆರಡು ಜೋಡಿಯಲ್ಲಿ ಒಂದು ತಂತಿ ತುಂಡಾದರೂ ಸಂಪರ್ಕ ಕಡಿಯುವುದಿಲ್ಲ, ಸುಮ್ಮನೆ ನಿಧಾನವಾಗುತ್ತದೆ. ಕರಾವಳಿಯ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿದಿವೆಯೇ ನೋಡಿ. ಶುದ್ಧ ತಾಮ್ರದ ಕ್ಯಾಟ್ 6 ಕೇಬಲ್ ಹಾಕಿ ನೋಡಿ. ಆಗಲೂ ಅಷ್ಟೇ ಬಂದರೆ ಬ್ರಾಡ್‌ಬ್ಯಾಂಡ್‌ನವರು ಕೊಟ್ಟ ರೌಟರಿನ ಪೋರ್ಟೇ 100ರದ್ದಿರಬಹುದು. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಸರ್ವರ್, ಕಂಪ್ಯೂಟರ್ ಎರಡನ್ನೂ ಅದಕ್ಕೆ ಜೋಡಿಸಿ.

ಪ್ರಶ್ನೆ: ಎರಡು ಡಿಸ್ಕ್‌ಗಳನ್ನು ರೇಯ್ಡ್ 1ರಲ್ಲಿ (ಬರೆದದ್ದೆಲ್ಲ ಎರಡೂ ಡಿಸ್ಕಿಗೆ ಹೋಗುವ ಜೋಡಣೆ) ಹಾಕಿದ್ದೇನೆ. ಎಲ್ಲ ಎರಡೆರಡು ಕಡೆ ಇರುವುದರಿಂದ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್ ಅಳಿಸಿ ಬೇರೆ ಕೆಲಸಕ್ಕೆ ಬಳಸಬಹುದಲ್ಲವೇ? (ಧಾರವಾಡ)

ಉತ್ತರ: ದಯವಿಟ್ಟು ಅಳಿಸಬೇಡಿ. ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ರೇಯ್ಡ್ 1 ಕಾಪಾಡುವುದು ಒಂದು ಡಿಸ್ಕ್ ಕೆಟ್ಟಾಗ ಮಾತ್ರ. ನೀವು ಒಂದು ಫೋಲ್ಡರ್ ಅಳಿಸಿದರೆ ಅದು ಆ ಕ್ಷಣವೇ ಎರಡೂ ಡಿಸ್ಕ್‌ಗಳಿಂದ ಹೋಗುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ಕುತಂತ್ರಾಂಶ) ಬೀಗ ಹಾಕಿದರೆ ಎರಡಕ್ಕೂ ಹಾಕುತ್ತದೆ. ಸಿಡಿಲು ಬಡಿದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಘಟಕ) ಸುಟ್ಟರೆ ಎರಡೂ ಒಟ್ಟಿಗೆ ಹೋಗಬಹುದು. ಕಳ್ಳನಂತೂ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ.

ಕಳೆದುಕೊಳ್ಳಲಾಗದ ಕಡತ ಮೂರು ಕಡೆ ಇರಬೇಕು, ಅವುಗಳಲ್ಲಿ ಒಂದು ಮನೆಯ ಹೊರಗೆ. ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಇದ್ದರೆ ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಕಡತಗಳಿದ್ದ ಸ್ಥಿತಿಯ ದಾಖಲೆ) ಹಾಕಿ: ದಿನದ್ದು 7, ವಾರದ್ದು 4, ತಿಂಗಳದ್ದು 6. ಕೈತಪ್ಪಿ ಅಳಿಸಿದ್ದು ಇದರಿಂದ ಸಿಗುತ್ತದೆ. ಆದರೆ ಅದೂ ಅದೇ ಡಿಸ್ಕಿನಲ್ಲಿರುವುದರಿಂದ ಬ್ಯಾಕಪ್ ಲೆಕ್ಕಕ್ಕೆ ಬರುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿಗೆ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು, ಕೇಬಲ್ ಕಿತ್ತು ಬೀರುವಿನಲ್ಲಿಡಿ. ಮೂರನೆಯದು ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಎನ್‌ಕ್ರಿಪ್ಟ್ ಆಗಿ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ) ಇರಲಿ. ಅಲ್ಲಿಗೆ ಇಂಟರ್‌ನೆಟ್ ಮೂಲಕ ಕಳಿಸುವ ಆಲೋಚನೆಯಿದ್ದರೂ ಮೊದಲ ಪ್ರತಿಯನ್ನು ಮನೆಯಲ್ಲೇ ತುಂಬಿ ಡಿಸ್ಕನ್ನು ಕೈಯಲ್ಲಿ ಒಯ್ಯಿರಿ. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 1 ಟಿಬಿ ಹೋಗಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಆಮೇಲಿನ ಬದಲಾವಣೆಗಳಷ್ಟೇ ಆದರೆ ರಾತ್ರಿ ನಿಮಿಷಗಳಲ್ಲಿ ಮುಗಿಯುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಕೆಲವು ಕಡತ ಹೊರತೆಗೆದು ತೆರೆದು ನೋಡಿ. ಎನ್‌ಕ್ರಿಪ್ಷನ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಇನ್ನೊಬ್ಬರಿಗೂ ಕೊಟ್ಟಿರಿ.

ಪ್ರಶ್ನೆ: ಮನೆಗೆ ಇನ್ವರ್ಟರ್ ಇದೆ. ಸರ್ವರಿಗೆ ಬೇರೆ ಯುಪಿಎಸ್ ಬೇಕೇ? ಬೇಸಿಗೆಯ ಬಿಸಿಲಿಗೆ ಏನು ಮಾಡಬೇಕು? (ಕಲಬುರಗಿ)

ಉತ್ತರ: ಬೇಕು. ಯುಪಿಎಸ್ ಮೋಡಿನಲ್ಲಿಟ್ಟರೆ ಇನ್ವರ್ಟರ್ ಬೇಗನೇ ಬ್ಯಾಟರಿಗೆ ಬದಲಾಗುತ್ತದೆ, ಸರ್ವರ್ ಆರುವುದಿಲ್ಲ, ನಿಜ. ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಸರ್ವರಿಗೆ ಹೇಳುವುದಿಲ್ಲ. ಹೆಚ್ಚು ಹೊತ್ತು ಕರೆಂಟ್ ಹೋದ ದಿನ ಬರೆಯುತ್ತಿರುವಾಗಲೇ ಆರುತ್ತದೆ, ಡೇಟಾಬೇಸ್ ಕೆಡುವುದು ಆಗಲೇ. 600 ವಿಎ ಲೈನ್ ಇಂಟರ್‌ಆ್ಯಕ್ಟಿವ್ ಯುಪಿಎಸ್ ಸಾಕು. ಯುಎಸ್‌ಬಿ ಡೇಟಾ ಪೋರ್ಟ್ ಇರುವುದನ್ನೇ ಕೇಳಿ ತನ್ನಿ, ಅಗ್ಗದ ಮಾದರಿಗಳಲ್ಲಿ ಅದು ಇರುವುದಿಲ್ಲ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ನಟ್ ಎಂಬ ಪ್ಲಗಿನ್ ಹಾಕಿ, ಕರೆಂಟ್ ಹೋಗಿ ಐದು ನಿಮಿಷಕ್ಕೆ ಕ್ರಮವಾಗಿ ಶಟ್‌ಡೌನ್ ಆಗುವಂತೆ ಇಡಿ. ಸ್ಕ್ವೇರ್ ವೇವ್ ಇನ್ವರ್ಟರಿನ ಹಿಂದೆ ಯುಪಿಎಸ್ ಇಟ್ಟರೆ ಅದು ಆ ವಿದ್ಯುತ್ತನ್ನು ಒಪ್ಪದೆ ತನ್ನ ಬ್ಯಾಟರಿಯಲ್ಲೇ ಓಡಬಹುದು. ಪ್ಯೂರ್ ಸೈನ್ ವೇವ್ ಆದರೆ ತೊಂದರೆಯಿಲ್ಲ. ಬ್ಯಾಟರಿ ಎರಡು–ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ.

ಡಿಸ್ಕಿನ ಉಷ್ಣತೆ 45 ಡಿಗ್ರಿಯೊಳಗೆ ಇದ್ದರೆ ಚೆನ್ನ. 50 ದಾಟಿದರೆ ಎಚ್ಚರಿಕೆಯ ಇ-ಮೇಲ್ ಬರುವಂತೆ ಮಾಡಿ. ಬಾಗಿಲು ಮುಚ್ಚಿದ ಕಪಾಟು, ಪಶ್ಚಿಮದ ಗೋಡೆ ಎರಡೂ ಬೇಡ.

ಪ್ರಶ್ನೆ: ತಾಳಮದ್ದಳೆಯ ಧ್ವನಿಮುದ್ರಿಕೆಗಳಿಗೆ ಪ್ರಸಂಗ, ಊರು, ಅರ್ಥಧಾರಿಗಳ ಹೆಸರು ಎಲ್ಲ ಸೇರಿಸಿ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ವಿಂಡೋಸ್‌ನಲ್ಲಿ ಸರಿಯಿವೆ, ಸರ್ವರಿಗೆ ಹಾಕುವಾಗ ಕೆಲವು ಮಾತ್ರ ಹೋಗುತ್ತಿಲ್ಲ. (ಶಿರಸಿ)

ಉತ್ತರ: ಹೆಸರು ಉದ್ದವಾಗಿದೆ. ವಿಂಡೋಸ್ 255 ಸಂಕೇತಗಳವರೆಗೆ ಬಿಡುತ್ತದೆ, ಲಿನಕ್ಸ್ ಎಣಿಸುವುದು 255 ಬೈಟ್‌ಗಳನ್ನು. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಸ್ವರಚಿಹ್ನೆಯೂ ಒಂದು ಸಂಕೇತ, ಒತ್ತಕ್ಷರ ಮಾಡುವ ವಿರಾಮವೂ ಒಂದು. ‘ಸ್ತ್ರೀ’ ನೋಡಲು ಒಂದೇ ಅಕ್ಷರ, ಆದರೆ 6 ಸಂಕೇತ, 18 ಬೈಟ್. ಅಂದರೆ ನಿಮಗೆ ಸಿಗುವುದು ಸುಮಾರು 85 ಸಂಕೇತ. ಸಿನಾಲಜಿ ಕಂಪನಿಯ ನ್ಯಾಸ್ ಪೆಟ್ಟಿಗೆಯ ಎನ್‌ಕ್ರಿಪ್ಟ್ ಮಾಡಿದ ಶೇರ್‌ನಲ್ಲಿ ಮಿತಿ 143 ಬೈಟ್, ಕನ್ನಡಕ್ಕೆ 47 ಸಂಕೇತ ಮಾತ್ರ. ಕನ್ನಡವನ್ನು ಕೈಬಿಡಬೇಕಾಗಿಲ್ಲ. ಊರು, ವರ್ಷಗಳನ್ನು ಫೋಲ್ಡರ್ ಹೆಸರಾಗಿಸಿ, ಅರ್ಥಧಾರಿಗಳ ಪಟ್ಟಿಯನ್ನು ಎಂಪಿ3ಯ ಟ್ಯಾಗ್‌ನಲ್ಲಿ ಬರೆಯಿರಿ, ಕಡತಕ್ಕೆ ಪ್ರಸಂಗದ ಹೆಸರಷ್ಟೇ ಇರಲಿ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ, ಸರ್ವರ್ ಮೈಸೂರಿನ ಅಪ್ಪನ ಮನೆಯಲ್ಲಿದೆ. ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ರೌಟರ್ ಸರ್ವರಿಗೆ ದಾಟಿಸುವ ಹೊಂದಿಕೆ) ಮಾಡಿದರೂ ಹೊರಗಿನಿಂದ ತೆರೆಯುತ್ತಿಲ್ಲ.

ಉತ್ತರ: ತೆರೆಯದಿದ್ದದ್ದೇ ಒಳ್ಳೆಯದಾಯಿತು, ಆ ಫಾರ್ವರ್ಡ್ ತೆಗೆದುಹಾಕಿ. ಅಪ್ಪನವರಿಗೆ ಹೇಳಿ ರೌಟರಿನ ವ್ಯಾನ್ ವಿಳಾಸ (ಇಂಟರ್‌ನೆಟ್ ಕಡೆಯ ಐಪಿ ವಿಳಾಸ) ನೋಡಿಸಿ. 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ: ಅನೇಕ ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ, ಹೊರಗಿನ ಕರೆ ನಿಮ್ಮ ರೌಟರಿನವರೆಗೆ ಬರುವುದೇ ಇಲ್ಲ. ಸರ್ವರಿಗೂ ನಿಮ್ಮ ಫೋನಿಗೂ ಟೇಲ್‌ಸ್ಕೇಲ್ ಎಂಬ ಖಾಸಗಿ ಸಂಪರ್ಕದ (ವಿಪಿಎನ್) ತಂತ್ರಾಂಶ ಹಾಕಿಕೊಳ್ಳಿ, ಸಿಜಿನ್ಯಾಟ್ ಇದ್ದರೂ ಅದು ನಡೆಯುತ್ತದೆ. ನ್ಯಾಸ್‌ನ ಲಾಗಿನ್ ಪುಟವನ್ನು ಇಂಟರ್‌ನೆಟ್ಟಿಗೆ ನೇರ ತೆರೆದಿಡುವುದು ಎಷ್ಟು ಅಪಾಯ ಎಂಬುದಕ್ಕೆ ಉದಾಹರಣೆಗಳಿವೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕ್‌ಗಳನ್ನು ಹ್ಯಾಕರ್‌ಗಳು ದೂರದಿಂದಲೇ ಅಳಿಸಿಹಾಕಿದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಹಾಕಿತು.

ಪ್ರಶ್ನೆ: ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯಲ್ಲಿ 197ರ ಎದುರು 8 ಎಂದಿದೆ, 199ರ ಎದುರು 42. ಡಿಸ್ಕ್ ಬದಲಿಸಲೇ? (ಹಾಸನ)

ಉತ್ತರ: 199 ಕೇಬಲಿನ ದೋಷ, ಸಾಟಾ ಕೇಬಲ್ ಬದಲಿಸಿ. ಆ ಅಂಕಿ ಇಳಿಯುವುದಿಲ್ಲ, ಏರದಿದ್ದರೆ ಸಾಕು. 197 ಎಂದರೆ ಓದಲಾಗದೆ ಉಳಿದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳು). ಇಂದೇ ಬ್ಯಾಕಪ್ ತೆಗೆಯಿರಿ, ನಂತರ ದೀರ್ಘ ಸ್ವಪರೀಕ್ಷೆ ಓಡಿಸಿ. ಅದು ನಡುವೆ ನಿಂತರೆ, ಅಥವಾ 5ರ (ಕೆಟ್ಟು ಬದಲಿ ಹಾಕಿದ ಸೆಕ್ಟರ್‌ಗಳ ಎಣಿಕೆ) ಎದುರಿನ ಅಂಕಿ ಏರುತ್ತಿದ್ದರೆ ವಾರಂಟಿಗೆ ಕೊಡಿ. ತೆಗೆಯುವ ಮೊದಲು ಪರದೆಯಲ್ಲಿ ಕಾಣುವ ಸೀರಿಯಲ್ ಸಂಖ್ಯೆಯನ್ನು ಡಿಸ್ಕಿನ ಲೇಬಲ್ ಜೊತೆ ಹೋಲಿಸಿ. ರೇಯ್ಡ್‌ನಲ್ಲಿ ಕೆಟ್ಟದ್ದನ್ನು ಬಿಟ್ಟು ಒಳ್ಳೆಯ ಡಿಸ್ಕ್ ಎಳೆದವರು ಬಹಳ ಮಂದಿ.