ಪಕ್ಷ ಬಿಟ್ಟರೂ ಸೀಟು ಹೋಗಲ್ಲ

ಕೆನಡಾದಲ್ಲಿ ಸಂಸದರು ಪಕ್ಷ ಬದಲಿಸಿದರೆ ಸದಸ್ಯತ್ವ ಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಅಲ್ಲಿನ ಫೆಡರಲ್ ಸಂಸತ್ತಿನಲ್ಲಿ ಇಲ್ಲ. ರಾಜೀನಾಮೆ, ಉಪಚುನಾವಣೆ, ರೆಸಾರ್ಟ್ ಯಾವುದೂ ಬೇಡ. ಎದ್ದು ಎದುರಿನ ಸಾಲಿಗೆ ಹೋಗಿ ಕೂತರೆ ಮುಗೀತು.

2005ರ ಮೇ ತಿಂಗಳನ್ನೇ ನೋಡಿ. ಪಾಲ್ ಮಾರ್ಟಿನ್ ಅವರ ಲಿಬರಲ್ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಬಜೆಟ್ ಮತದಾನದಲ್ಲಿ ಅದನ್ನು ಬೀಳಿಸಿ ಚುನಾವಣೆಗೆ ಹೋಗಲು ಕನ್ಸರ್ವೇಟಿವ್ ನಾಯಕ ಸ್ಟೀಫನ್ ಹಾರ್ಪರ್ ಕಾಯುತ್ತಿದ್ದರು. ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಎಂಬ ಎಡಪಂಥೀಯ ವಿರೋಧ ಪಕ್ಷವನ್ನು ಒಲಿಸಿಕೊಳ್ಳಲು ಮಾರ್ಟಿನ್ 460 ಕೋಟಿ ಡಾಲರ್ ಜಾಸ್ತಿ ಖರ್ಚಿಗೆ ಒಪ್ಪಿದ್ದರು. ಆದರೂ ಲೆಕ್ಕ ಕೂಡಿಬರಲಿಲ್ಲ. ಮತದಾನಕ್ಕೆ ಎರಡೇ ದಿನ ಇರುವಾಗ ಹಾರ್ಪರ್ ಪಕ್ಷದ ಬೆಲಿಂಡಾ ಸ್ಟ್ರೋನಾಕ್ ಲಿಬರಲ್ ಸೇರಿದರು. ಅದೇ ದಿನ ಮಂತ್ರಿಯೂ ಆದರು! ನಮ್ಮವರಿಗೆ ಇದೇನೂ ಹೊಸದಲ್ಲ, ಅಲ್ವಾ?

ಮೇ 19ರಂದು ಮತ 152-152 ಸಮ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಪಕ್ಷೇತರ ಸಂಸದ ಚಕ್ ಕ್ಯಾಡ್‌ಮನ್ ದೂರದ ಬ್ರಿಟಿಷ್ ಕೊಲಂಬಿಯಾದಿಂದ ಬಂದು ಸರ್ಕಾರದ ಪರ ಎದ್ದು ನಿಂತಿದ್ದರು. ಕೊನೆಗೆ ಸ್ಪೀಕರ್ ಪೀಟರ್ ಮಿಲಿಕೆನ್ ಮತ ಹಾಕಿ ಸರ್ಕಾರ ಉಳಿಸಿದರು. ನವೆಂಬರ್‌ನಲ್ಲಿ ಅದು ಹೇಗೂ ಬಿತ್ತು. 2006ರ ಜನವರಿ ಚುನಾವಣೆಯಲ್ಲಿ ಹಾರ್ಪರ್ ಗೆದ್ದರು. ಸ್ಟ್ರೋನಾಕ್ ಕೂಡ ಅದೇ ಕ್ಷೇತ್ರದಲ್ಲಿ, ಈ ಸಲ ಲಿಬರಲ್ ಅಭ್ಯರ್ಥಿಯಾಗಿ, ಮತ್ತೆ ಗೆದ್ದರು.