ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಹೋಗುತ್ತದಾ?

ತಮ್ಮಾ, ನಿದ್ದೆಯಲ್ಲಿ ವೀರ್ಯ ಹೋಗಿ ಸುಸ್ತಾಗುತ್ತಿದೆ, ಹುಬ್ಬಳ್ಳಿಯ ಗೋಡೆ ಮೇಲಿನ 'ಗುಪ್ತರೋಗ' ಜಾಹೀರಾತಿನ ನಂಬರಿಗೆ ಫೋನ್ ಮಾಡಲಾ ಅಂತ ಕೇಳಿದ್ದೀರಿ. ಮಾಡಬೇಡಿ. ಸುಮ್ನೆ ದುಡ್ಡು ದಂಡ. ಹರೆಯದಲ್ಲಿ ಇದು ಸಹಜ, ರೋಗವೇ ಅಲ್ಲ.

ಈ ಭಯಕ್ಕೇ ಮನೋವೈದ್ಯರಲ್ಲಿ ಒಂದು ಹೆಸರಿದೆ: ಧಾತ್ ಸಿಂಡ್ರೋಮ್. 1960ರಲ್ಲಿ ಡಾ. ನರೇಂದ್ರನಾಥ ವಿಗ್ ಕೊಟ್ಟ ಹೆಸರು. ಸುಸ್ತು, ಮೈಕೈ ನೋವು, ನಿದ್ದೆಗೇಡು ಸುಳ್ಳಲ್ಲ, ನಿಜವಾಗಿಯೂ ಆಗುತ್ತವೆ. ಆದರೆ ಹೆಚ್ಚಾಗಿ ಅದು ಚಿಂತೆಯ ಕಾಟ. ಇದು ನಮ್ಮ ಕಡೆಯವರಿಗಷ್ಟೇ ಅಂಟಿದ್ದು ಅಂದುಕೊಳ್ಳಬೇಡಿ. 18ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಟಿಸೋ ಎಂಬ ವೈದ್ಯ ಇದೇ ವಿಷಯಕ್ಕೆ ಪುಸ್ತಕ ಬರೆದು ಯುರೋಪಿನವರನ್ನೂ ಹೆದರಿಸಿದ್ದ!

'ನೂರು ಹನಿ ರಕ್ತಕ್ಕೆ ಒಂದು ಹನಿ ವೀರ್ಯ' ಅನ್ನೋದು ಶುದ್ಧ ಸುಳ್ಳು. ಒಂದು ಸಲಕ್ಕೆ ಹೋಗೋದು ಸಾಮಾನ್ಯವಾಗಿ 2ರಿಂದ 5 ಮಿ.ಲೀ. ಅದರಲ್ಲಿ ಬಹುಪಾಲು ವೀರ್ಯಕೋಶ, ಪ್ರಾಸ್ಟೇಟ್ ಗ್ರಂಥಿಗಳ ದ್ರವ, ಹೆಚ್ಚಿನದು ನೀರೇ. ವೀರ್ಯಾಣುಗಳ ಪಾಲು ಬಹಳ ಕಡಿಮೆ. ಅವೂ ದಿನಾ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ.

ಉರಿ, ಕೀವು, ರಕ್ತ ಕಂಡರೆ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ. ಬರೀ ಚಿಂತೆಯೇ ಜಾಸ್ತಿಯಾಗಿದ್ದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಾಚಿಕೆ ಬೇಡ, ಅಲ್ಲಿನ ಡಾಕ್ಟರುಗಳಿಗೆ ಇದು ಹೊಸ ವಿಷಯವೇನಲ್ಲ.