ನಿಮ್ಮ ಜೇಡದ ಹೊಸ ಹೆಸರನ್ನು ನಾವು ಯಾಕೆ ಅಚ್ಚು ಹಾಕುತ್ತಿಲ್ಲ

ಓದುಗ ಮಿತ್ರರೇ,

ನಿಮ್ಮ ಪತ್ರವೂ ಫೋಟೋಗಳೂ ತಲುಪಿದವು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು. ನಿಮ್ಮ ಟರಂಟುಲಾ, ಅಂದರೆ ಮೈತುಂಬಾ ರೋಮವಿರುವ ದೊಡ್ಡ ಜೇಡ, ಮರಿಯಾಗಿದ್ದಾಗ 'ಪ್ಯಾಂಫೋಬೀಟಿಯಸ್ ಎಸ್‌ಪಿ.' ಎಂಬ ಚೀಟಿಯ ಜೊತೆ ಬಂತು, ಅಂದರೆ ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ. ಈಗ ಅದು ಅಂಗೈ ಅಗಲ ಬೆಳೆದಿದೆ. ಸಿಕ್ಕ ಫೋಟೋಗಳ ಜೊತೆಗೆಲ್ಲ ಹೋಲಿಸಿದ್ದೀರಿ, ಯಾವುದಕ್ಕೂ ಹೊಂದುತ್ತಿಲ್ಲ. ಹಾಗಾಗಿ ಇದು ಹೊಸ ಪ್ರಭೇದವೇ ಇರಬೇಕು, ಮಗಳ ಹೆಸರಿನ ಮೇಲೆ ಒಂದು ಲ್ಯಾಟಿನ್ ಹೆಸರು ಕಟ್ಟಿದ್ದೇನೆ, ಫೋಟೋ ಸಮೇತ ಪ್ರಕಟಿಸಿ ಎಂದು ಕೇಳಿದ್ದೀರಿ. ಕೊನೆಗೆ ಇನ್ನೊಂದು ಪ್ರಶ್ನೆ: ಪರಿಚಯದವರ ಹತ್ತಿರ ಇಂಥದ್ದೇ ಗಂಡು ಇದೆ, ಜೋಡಿ ಮಾಡಿಸಬಹುದಾ?

ಹೆಸರನ್ನು ಪ್ರಕಟಿಸುವುದಿಲ್ಲ. ಜೋಡಿಯೂ ಬೇಡ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲಿಗೆ, ನಿಮ್ಮ ಅನುಮಾನದಲ್ಲಿ ತಪ್ಪೇನೂ ಇಲ್ಲ. ವಿಜ್ಞಾನ ಹೆಸರಿಡುವ ಮೊದಲೇ ಸಾಕುವವರ ಪೆಟ್ಟಿಗೆಗಳಲ್ಲಿ ಓಡಾಡಿಕೊಂಡಿದ್ದ ಜೇಡಗಳು ಬೇಕಾದಷ್ಟಿವೆ. ಥಾಯ್ಲೆಂಡಿನ ಕಡುನೀಲಿ ಕಿಲೋಬ್ರಾಕಿಸ್ 'ಎಲೆಕ್ಟ್ರಿಕ್ ಬ್ಲೂ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅದು ಯಾವ ಕಾಡಿನದು, ಹೇಗೆ ಬದುಕುತ್ತದೆ ಎಂದು ಯಾರೂ ದಾಖಲು ಮಾಡಿರಲಿಲ್ಲ. ಸಂಶೋಧಕರು ಫಂಗ್‌ನ್ಗಾ ಪ್ರಾಂತ್ಯದ ಮ್ಯಾಂಗ್ರೋವ್ ಕಾಡಿನಲ್ಲಿ ಅದನ್ನು ಕಂಡು, 2023ರಲ್ಲಿ ಕಿಲೋಬ್ರಾಕಿಸ್ ನಟಾನಿಚಾರಮ್ ಎಂದು ಹೆಸರಿಟ್ಟರು. ಆ ಹೆಸರಿಡುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಒಳ್ಳೆಯ ಕೆಲಸಕ್ಕೆ ಕೊಟ್ಟರು. ಅಮೆರಿಕದಲ್ಲಿ 2016ರಲ್ಲಿ ಒಂದು ಕಪ್ಪು ಜೇಡಕ್ಕೆ ಗಾಯಕ ಜಾನಿ ಕ್ಯಾಶ್ ಹೆಸರಿಟ್ಟರು. ಅದು ಸಿಕ್ಕಿದ್ದು ಫೋಲ್ಸಮ್ ಜೈಲಿನ ಹತ್ತಿರ, ಅವರು ಹಾಡಿ ಪ್ರಸಿದ್ಧ ಮಾಡಿದ ಜೈಲು ಅದು. ಮಗಳ ಹೆಸರಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅಲ್ವಾ? ತೊಂದರೆ ಬೇರೆ ಕಡೆ ಇದೆ.

ನೀವು ಹೋಲಿಸಿದ್ದು ಬಣ್ಣವನ್ನು. ಬಣ್ಣ ನೋಡಿ ಟರಂಟುಲಾದ ಪ್ರಭೇದ ಹೇಳುವುದೆಂದರೆ ಬಸ್ಸಿನ ಬಣ್ಣ ನೋಡಿ ಅದು ಯಾವ ಊರಿಗೆ ಹೋಗುತ್ತದೆ ಎಂದು ಹೇಳಿದಂತೆ. ಪ್ಯಾಂಫೋಬೀಟಿಯಸ್ ಮರಿಗಳ ಹೊಟ್ಟೆಯ ಮೇಲೆ ಕ್ರಿಸ್ಮಸ್ ಮರದಂಥ ಕಪ್ಪು ಚಿತ್ತಾರ ಇರುತ್ತದೆ, ಬೆಳೆಯುತ್ತಾ ಮಾಯವಾಗುತ್ತದೆ. ದೊಡ್ಡ ಹೆಣ್ಣುಗಳು ಸಾಮಾನ್ಯವಾಗಿ ಕಂದು. ಪ್ರಾಯಕ್ಕೆ ಬಂದ ಗಂಡುಗಳಲ್ಲಿ ಎಷ್ಟೋ ಬಾರಿ ನೇರಳೆ, ಗುಲಾಬಿ ಹೊಳಪು. ಪೊರೆ ಬಿಡುವ ಮುಂಚೆ ಎಲ್ಲವೂ ಮಂಕು, ಬಿಟ್ಟ ಮೇಲೆ ಝಗಮಗ. ಇದರ ಮೇಲೆ ಫೋನಿನ ಕ್ಯಾಮೆರಾ ತನ್ನದೊಂದಿಷ್ಟು ಬಣ್ಣ ಸೇರಿಸುತ್ತದೆ. ನೀವು ಕಳಿಸಿದ ಮೂರನೆಯ ಮತ್ತು ಐದನೆಯ ಫೋಟೋ ಒಂದೇ ಜೇಡದ್ದು ಎಂದು ನೀವು ಬರೆದಿರದಿದ್ದರೆ ನಾನು ನಂಬುತ್ತಿರಲಿಲ್ಲ.

ತಜ್ಞರು ನೋಡುವುದು ಬೇರೆಯದನ್ನೇ. ಗಂಡಾದರೆ, ಬಾಯಿಯ ಪಕ್ಕದ ಪುಟ್ಟ ಕಾಲುಗಳ ತುದಿಯಲ್ಲಿ ವೀರ್ಯ ತುಂಬಿಕೊಳ್ಳುವ ಒಂದು ಗುಬುಟು ಇರುತ್ತದೆ. ಅದರ ಆಕಾರ, ಅದರ ಮೇಲಿನ ಏಣುಗಳು ಬಹಳ ಮುಖ್ಯ. ಆದರೆ ಈ ಗುಬುಟು ಬರುವುದು ಕೊನೆಯ ಸಲ ಪೊರೆ ಬಿಟ್ಟು ಪ್ರಾಯಕ್ಕೆ ಬಂದಾಗ ಮಾತ್ರ. ಹೆಣ್ಣಾದರೆ, ವೀರ್ಯ ಕೂಡಿಟ್ಟುಕೊಳ್ಳುವ ಸ್ಪರ್ಮಥೀಕಾ ಎಂಬ ಚೀಲ ನೋಡುತ್ತಾರೆ. ಇದು ಜೇಡದ ಒಳಗಿದ್ದರೂ ಅದರ ಒಳಪದರ ಪೊರೆಯ ಜೊತೆಯಲ್ಲೇ ಕಳಚಿ ಬರುತ್ತದೆ, ಅಂದರೆ ಜೀವಂತ ಹೆಣ್ಣನ್ನು ಮುಟ್ಟದೆಯೇ ಅದರ ಅತಿ ಮುಖ್ಯವಾದ ಗುರುತು ನಿಮ್ಮ ಕೈಗೆ ಸಿಗುತ್ತದೆ. ಮತ್ತೆ ನೀವೋ, ಪೊರೆಗಳನ್ನೆಲ್ಲ 'ಕಸ ಅಂತ ಎಸೆದೆ' ಎಂದು ಬರೆದಿದ್ದೀರಿ! ಇನ್ನು ಮುಂದೆ ಎಸೆಯಬೇಡಿ. ಪೊರೆ ಒಣಗಿ ಗರಿಗರಿಯಾಗಿದ್ದರೆ ಒಂದು ಹನಿ ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ನಿಧಾನವಾಗಿ ಬಿಡಿಸಿ. ಮೇಲಿನ ಎರಡು ಬಿಳಿ ಶ್ವಾಸಕೋಶದ ಗುರುತುಗಳ ನಡುವೆ ಒಳಬದಿಯಲ್ಲಿ ಆ ಚೀಲ ಇರುತ್ತದೆ. ಒಣಗಿಸಿ, ತಾರೀಖು ಬರೆದು, ಡಬ್ಬಿಯಲ್ಲಿಡಿ.

ಸರಿ, ಇದೆಲ್ಲ ನೋಡಿದ ಮೇಲೂ ಯಾವುದಕ್ಕೂ ಹೊಂದಲಿಲ್ಲ ಅಂದುಕೊಳ್ಳೋಣ. ಯಾವುದಕ್ಕೂ ಅಂದರೆ ಯಾವುದಕ್ಕೆ? ಸಾಕುವವರ ಫೋಟೋಗಳ ಮೇಲಿರುವ ಹೆಸರುಗಳೇ ಸರಿ ಇರುವುದಿಲ್ಲವಲ್ಲ. ಮೆಕ್ಸಿಕೋದ ಕೆಂಪು ಮೊಣಕಾಲಿನ ಬ್ರಾಕಿಪೆಲ್ಮಾ ಪ್ರಪಂಚದಲ್ಲೇ ಅತಿ ಪರಿಚಿತ ಸಾಕುಜೇಡ. ಎಲ್ಲರೂ ಅದನ್ನು ಸ್ಮಿತಿ ಅನ್ನುತ್ತಿದ್ದರು. 2017ರಲ್ಲಿ ಮೆಂಡೋಜಾ ಮತ್ತು ಫ್ರಾಂಕೆ ಮೂಲ ಮಾದರಿಗಳನ್ನೂ ಡಿಎನ್‌ಎಯನ್ನೂ ನೋಡಿ, ಪೆಟ್ಟಿಗೆಗಳಲ್ಲಿ ಸ್ಮಿತಿ ಎಂದು ಇರುವುದರಲ್ಲಿ ಹೆಚ್ಚಿನದು ಹಮೋರಿ ಎಂದು ತೋರಿಸಿದರು. ನಿಜವಾದ ಸ್ಮಿತಿಯನ್ನು ಸಾಕುವವರು ಆನಿತಾ ಎಂಬ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ದೈತ್ಯ ಜೇಡ ಥೆರಫೋಸಾದ್ದೂ ಇಂಥದ್ದೇ ಕತೆ: ಬ್ಲಾಂಡಿ ಎಂದು ವರ್ಷಗಟ್ಟಲೆ ಮಾರಿದ್ದರಲ್ಲಿ ಬಹಳಷ್ಟು ಬೇರೆ ಪ್ರಭೇದ, ಅದಕ್ಕೆ ಸ್ಟಿರ್ಮಿ ಎಂಬ ಹೆಸರು ಬಂದಿದ್ದು 2010ರಲ್ಲಿ. ಇನ್ನು ಅವಿಕುಲೇರಿಯಾ ಎಂಬ ಟರಂಟುಲಾ ಕುಲ. ಅದರ ಮೊದಲ ಪ್ರಭೇದವನ್ನು 1758ರಲ್ಲಿ ಲಿನೇಯಸ್ ವಿವರಿಸಿದ್ದ. ಆಮೇಲೆ ಬಂದವರು ಸೇರಿಸುತ್ತಾ ಹೋದರು, ಪಟ್ಟಿ 50ರ ಹತ್ತಿರ ಬಂತು. 2017ರಲ್ಲಿ ಫುಕುಶಿಮಾ ಮತ್ತು ಬೆರ್ಟಾನಿ ಕೂತು ಜಾಲಾಡಿದಾಗ ಉಳಿದದ್ದು 12, ಅದರಲ್ಲೂ ಕೆಲವು ಹೊಸವು. ಉಳಿದ ಹೆಸರುಗಳು ಬೇರೆ ಕುಲಕ್ಕೆ ಹೋದವು, ಒಂದರೊಳಗೊಂದು ಸೇರಿದವು, ಇನ್ನು ಕೆಲವು ಏನೆಂದೇ ತಿಳಿಯದೆ ಮೂಲೆ ಸೇರಿದವು. ಹಿಂದಿನವರು ಅರ್ಧಂಬರ್ಧ ವಿವರಣೆ ಬರೆದು ಹೆಸರಿಟ್ಟಿದ್ದರ ಫಲ ಇದು. ಆ ಕಸ ಗುಡಿಸಲು ಇಬ್ಬರು ಪಟ್ಟ ಪಾಡು ನೆನೆದರೆ ನಿಮ್ಮ ಫೋಟೋಗೆ ಹೆಸರು ಹಾಕಲು ನನಗೆ ಕೈ ಬರುವುದಿಲ್ಲ.

'ಪತ್ರಿಕೆಯಲ್ಲಿ ಬಂದರೆ ಏನಾಗುತ್ತೆ, ಸುಮ್ನೆ ಒಂದು ಹೆಸರು ತಾನೆ' ಅಂತ ನಿಮಗೆ ಅನ್ನಿಸಬಹುದು. ಪ್ರಾಣಿಗಳಿಗೆ ಹೆಸರಿಡಲು ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಹೊಸ ಹೆಸರಿನ ಜೊತೆ ವಿವರಣೆ ಇರಬೇಕು. 1999ರ ನಂತರ ಪ್ರಕಟವಾದದ್ದಾದರೆ ಇದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು. ಹೋಲೊಟೈಪ್ ಎಂಬ ಮೂಲ ಮಾದರಿಯನ್ನೂ ಗೊತ್ತುಪಡಿಸಬೇಕು, ಅದು ಯಾವ ಸಂಗ್ರಹದಲ್ಲಿದೆ ಎಂದು ತಿಳಿಸಬೇಕು. ಇದಾವುದೂ ಇಲ್ಲದಿದ್ದರೆ ಆ ಹೆಸರು ಲೆಕ್ಕಕ್ಕೇ ಇಲ್ಲ, ಆದರೆ ಮಾರಾಟದ ಚೀಟಿಗಳ ಮೇಲೆ ಮಾತ್ರ ವರ್ಷಗಟ್ಟಲೆ ಓಡಾಡುತ್ತದೆ. ಅದಕ್ಕಿಂತ ನನಗೆ ಭಯ ಇನ್ನೊಂದರದ್ದು. ತಜ್ಞರು ಪರಿಶೀಲಿಸಿರಲೇಬೇಕು ಎಂದು ಆ ನಿಯಮಾವಳಿ ಎಲ್ಲೂ ಕೇಳುವುದಿಲ್ಲ! ಕನಿಷ್ಠ ಶರತ್ತುಗಳನ್ನು ಹೇಗೋ ಪೂರೈಸಿಬಿಟ್ಟರೆ ಎಂಥ ಕೆಟ್ಟ ವಿವರಣೆಯಾದರೂ ಹೆಸರು ನಿಂತುಬಿಡುತ್ತದೆ, ಮೊದಲು ಬಂದದ್ದಕ್ಕೇ ಹಕ್ಕು, ಮುಂದೆ ಸರಿಯಾಗಿ ಕೆಲಸ ಮಾಡುವವರು ಅದನ್ನು ಹೊತ್ತುಕೊಂಡೇ ಹೋಗಬೇಕು. ಇವೆರಡರಲ್ಲಿ ಯಾವುದಕ್ಕೂ ನಮ್ಮ ಪುಟ ಜಾಗವಾಗುವುದು ಬೇಡ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ ಸಾಲಿಗೆ ಬರುತ್ತೇನೆ. 'ದಕ್ಷಿಣ ಅಮೆರಿಕದ್ದಂತೆ' ಎಂದು ಬರೆದಿದ್ದೀರಿ. ಅಷ್ಟೇನಾ? ಯಾವ ದೇಶ, ಯಾವ ನದಿಯ ಯಾವ ದಡ, ಎಷ್ಟು ಎತ್ತರ? ನಿಮ್ಮ ಜೇಡದ ಬೆಲೆ ಇರುವುದು ಬಣ್ಣದಲ್ಲಲ್ಲ, ಈ ಒಂದು ಮಾಹಿತಿಯಲ್ಲಿ. ಊರು ಗೊತ್ತಿಲ್ಲದ ಮಾದರಿಯನ್ನು ಇಟ್ಟುಕೊಂಡು ಸಂಶೋಧಕರು ಕಾಡಿಗೆ ಹೋಗಿ ಅದರ ಜೊತೆಯವನ್ನು ಹುಡುಕಲಾರರು, ಪಕ್ಕದ ಬೆಟ್ಟದ ಪ್ರಭೇದದಿಂದ ಅದು ಹೇಗೆ ಬೇರೆ ಎಂದೂ ಹೇಳಲಾರರು. ಊರು ತಪ್ಪಾದರೂ ಅಷ್ಟೇ. ಪೊಸಿಲೊಥೀರಿಯಾ ಮೆಟಾಲಿಕಾ ಎಂಬ ನೀಲಿ ಜೇಡವನ್ನು 1899ರಲ್ಲಿ ಪೋಕಾಕ್ ವಿವರಿಸಿದ್ದು ಆಂಧ್ರದ ಗುತ್ತಿಯ ರೈಲ್ವೆ ಮರದ ದಿಮ್ಮಿಗಳ ಅಂಗಳದಲ್ಲಿ ಸಿಕ್ಕ ಒಂದೇ ಒಂದು ಮಾದರಿಯಿಂದ. ಅದರ ನಿಜವಾದ ಕಾಡು ಪತ್ತೆಯಾಗಿದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವೆ. ಮರದ ದಿಮ್ಮಿಯ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿತ್ತೋ ಏನೋ! ನೂರು ವರ್ಷ ಎಲ್ಲಿದೆ ಎಂದೇ ತಿಳಿಯದಿದ್ದ ಆ ಜೇಡ ಇವತ್ತು ಅಳಿವಿನ ಅಂಚಿನಲ್ಲಿದೆ, 2019ರಿಂದ ಆ ಇಡೀ ಕುಲದ ವ್ಯಾಪಾರದ ಮೇಲೆ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣ ಇದೆ.

ಜೋಡಿ ಬೇಡ ಎಂದಿದ್ದೂ ಇದೇ ಕಾರಣಕ್ಕೆ. ಆ ಗಂಡು ಕಣ್ಣಿಗೆ 'ಇಂಥದ್ದೇ' ಇರಬಹುದು. ಬೇರೆ ಪ್ರಭೇದವಾಗಿದ್ದೂ ಕೂಡಿ, ಮೊಟ್ಟೆಯೊಡೆದು ನೂರಾರು ಮರಿ ಬಂದರೆ ಎಲ್ಲವೂ ಅದೇ ಚೀಟಿ ಹಚ್ಚಿಕೊಂಡು ಊರೂರಿಗೆ ಹೋಗುತ್ತವೆ. ಗುಂಗುರು ಕೂದಲಿನ ಟ್ಲಿಲ್ಟೊಕಾಟ್ಲ್ ಎಂಬ ಸಾಕುಜೇಡ ಇಂದು ಬಹಳಷ್ಟು ಕಡೆ ಬೆರಕೆ ಎಂಬ ಅನುಮಾನ ಇದೆ, ಬಿಡಿಸುವವರು ಯಾರು? ಒಂದೇ ಕಡೆಯಿಂದ, ಒಂದೇ ಸಲ ಬಂದ ಗಂಡು ಸಿಕ್ಕರೆ ಆಗ ನೋಡೋಣ. ಚೀಟಿಯ ಮೇಲಿರುವುದನ್ನು ಒಂದಕ್ಷರವೂ ತಿದ್ದಬೇಡಿ. 'ಬಹುಶಃ ಇದೇ ಇರಬೇಕು' ಎಂದು ಪ್ರಭೇದದ ಹೆಸರು ಸೇರಿಸುವುದಕ್ಕಿಂತ ಬರೀ 'ಎಸ್‌ಪಿ.' ಎಂದಿರುವುದೇ ವಾಸಿ.

ಕಾನೂನಿನ ಮಾತೂ ಇದೆ. 2019ರಲ್ಲಿ ಮಲೇಷ್ಯಾದ ಸರವಾಕ್‌ನ ನೀಲಿ ಕಾಲಿನ ಜೇಡವೊಂದಕ್ಕೆ ಬಿರುಪೆಸ್ ಎಂಬ ಹೊಸ ಕುಲವನ್ನೇ ಮಾಡಿದರು. ಆಮೇಲೆ ಆ ಮಾದರಿಗಳನ್ನು ಪರವಾನಗಿ ಇಲ್ಲದೆ ಸಾಗಿಸಲಾಗಿತ್ತು ಎಂಬ ಆರೋಪ ಬಂದು ದೊಡ್ಡ ಗಲಾಟೆ ಆಯಿತು. ಹೆಸರು ಉಳಿಯಿತು, ಕಳಂಕವೂ ಉಳಿಯಿತು. ನಿಮ್ಮ ಜೇಡದ ಕಾಗದಪತ್ರ ಸರಿ ಇಲ್ಲದಿದ್ದರೆ ಒಳ್ಳೆಯ ಮ್ಯೂಸಿಯಂಗಳು ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತವೆ.

ಆದ್ದರಿಂದ ಮಾರಿದವರಿಗೆ ಇವತ್ತೇ ಬರೆಯಿರಿ. ಈ ಮರಿಗಳು ಎಲ್ಲಿ ಹುಟ್ಟಿದವು, ತಾಯಿ ಯಾವ ಜಾಗದ್ದು, ಯಾರು ತಂದರು, ಯಾವ ವರ್ಷ, ಪರವಾನಗಿಯ ಪ್ರತಿ ಇದೆಯಾ ಎಂದು ಕೇಳಿ. ವ್ಯಾಪಾರ ಮಾಡುವವರು ಕೆಲಸ ಬದಲಿಸುತ್ತಾರೆ, ಹಳೆಯ ಪುಸ್ತಕ ಎಸೆಯುತ್ತಾರೆ. ತಡ ಮಾಡಿದಷ್ಟೂ ಉತ್ತರ ಸಿಗುವುದು ಕಷ್ಟ. ಬಂದ ಉತ್ತರವನ್ನು ಪೊರೆಗಳ ಡಬ್ಬಿಯ ಜೊತೆಗೇ ಇಡಿ. ಹೆಣ್ಣಾಗಿದ್ದರೆ ಅದು ಹತ್ತು ವರ್ಷಕ್ಕೂ ಹೆಚ್ಚು ಬದುಕಬಹುದು. ಮುಂದೆ ಎಂದೋ ಸತ್ತಾಗ ಮಣ್ಣು ಮಾಡಬೇಡಿ, ಫಾರ್ಮಾಲಿನ್‌ಗೂ ಹಾಕಬೇಡಿ, ಡಿಎನ್‌ಎ ಕೆಡುತ್ತದೆ. ಒಂದು ಕಾಲನ್ನು ತೆಗೆದು ಗಟ್ಟಿ ಆಲ್ಕೋಹಾಲಿನಲ್ಲಿ ಫ್ರೀಜರಿಗೆ ಹಾಕಿ, ಉಳಿದ ದೇಹವನ್ನು 70–80% ಆಲ್ಕೋಹಾಲಿನಲ್ಲಿಡಿ. ಆಮೇಲೆ ಜೇಡಗಳ ಮೇಲೆ ಕೆಲಸ ಮಾಡುವವರಿರುವ ಮ್ಯೂಸಿಯಂ ಒಂದಕ್ಕೆ ಬರೆಯಿರಿ. ಮಗಳ ಹೆಸರನ್ನೂ ಆ ಪತ್ರದಲ್ಲೇ ಸೇರಿಸಿ. ಮಾದರಿ ಕೊಟ್ಟವರ ಮನೆಯವರ ಹೆಸರಿಡುವುದು ಹೊಸದೇನಲ್ಲ. ಒಪ್ಪುವುದು ಬಿಡುವುದು ವಿವರಿಸುವವರಿಗೆ ಬಿಟ್ಟದ್ದು, ಆದರೆ ಕೇಳಿದರೆ ತಪ್ಪೇನಿಲ್ಲ.

— ಸಂಪಾದಕ